ಊಟದ ಹೊತ್ತಿನ ಪ್ರೂಫು

ನಮ್ಮ ಸ್ಟುಡಿಯೋದಲ್ಲಿ ಎರಡು ದೊಡ್ಡ ಮೇಜುಗಳಿದ್ದವು. ಕಿಟಕಿ ಕಡೆಯದು ಆರ್ಟ್‌ವರ್ಕಿಗೆ, ಬಾಗಿಲ ಕಡೆಯದು ಊಟಕ್ಕೆ. ಸಾರಿನ ಡಬ್ಬಿ ಹಿಡಿದವರು ಕಿಟಕಿ ಕಡೆ ಸುಳಿಯುವ ಹಾಗಿರಲಿಲ್ಲ. ಪೇಸ್ಟಪ್ ಆದ ಬೋರ್ಡಿನ ಮೇಲೆ ಒಂದು ಹನಿ ಬಿದ್ದರೂ ಆ ಪುಟ ಮೊದಲಿಂದ ಮಾಡಬೇಕು. ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯೊಂದರಲ್ಲಿ, ಹಳೇ ಮನೆಯ ಮಹಡಿಯ ಮೇಲಿದ್ದ ಆ ಎರಡು ಕೋಣೆಗೆ ನಾನು ಕೆಲಸಕ್ಕೆ ಸೇರಿದ್ದು 1990ರ ಆಸುಪಾಸಿನಲ್ಲಿ, ಚಿತ್ರಕಲಾ ಪರಿಷತ್ತಿನಲ್ಲಿ ಓದು ಮುಗಿಸಿಕೊಂಡು. ಕನ್ನಡ ಪುಸ್ತಕಗಳ ಮುಖಪುಟ, ಒಳಪುಟ, ಮದುವೆ ಕರೆಯೋಲೆ, ಸ್ಮರಣ ಸಂಚಿಕೆ, ಊದುಬತ್ತಿಯ ಪೊಟ್ಟಣ, ಬಂದದ್ದನ್ನೆಲ್ಲ ಮಾಡುತ್ತಿದ್ದೆವು. ಯಜಮಾನರು ಹಿಂದೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದವರು. ಎಲ್ಲರ ಬಾಯಲ್ಲೂ ಮೇಷ್ಟ್ರೇ.

ಕಂಪ್ಯೂಟರು ಇನ್ನೂ ನಮ್ಮಲ್ಲಿಗೆ ಬಂದಿರಲಿಲ್ಲ. ಫೋಟೋಟೈಪ್‌ಸೆಟ್ಟಿಂಗ್‌ನವರಿಂದ ಮ್ಯಾಟರು ಬ್ರೋಮೈಡ್ ಕಾಗದದಲ್ಲಿ ಉದ್ದುದ್ದ ಪಟ್ಟಿಯಾಗಿ ಬರುತ್ತಿತ್ತು. ಅದನ್ನು ಪುಟದ ಅಳತೆಗೆ ಕತ್ತರಿಸಿ, ಹಿಂಬದಿಗೆ ರಬ್ಬರ್ ಸಲ್ಯೂಷನ್ ಸವರಿ, ಬಿಳಿ ಬೋರ್ಡಿನ ಮೇಲೆ ಅಂಟಿಸಬೇಕು. ಅಳತೆಯ ಗೆರೆಗೆ ತಿಳಿನೀಲಿ ಪೆನ್ಸಿಲ್ಲೇ ಆಗಬೇಕು. ಲಿಥೋ ಫಿಲ್ಮಿಗೆ ಆ ನೀಲಿ ಕಾಣುವುದಿಲ್ಲ, ಅಳಿಸುವ ಕೆಲಸ ತಪ್ಪುತ್ತದೆ. ಪುಟ ಅಂಟಿಸಿಯಾದ ಮೇಲೆ ಕಾಗುಣಿತದ ತಪ್ಪು ಕಂಡರೆ ಮತ್ತೆ ಸೆಟ್ಟಿಂಗಿಗೆ ಕಳಿಸುವಷ್ಟು ಹೊತ್ತು ಇರುತ್ತಿರಲಿಲ್ಲ. ಅದಕ್ಕೆಂದೇ ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿ ಹಳೇ ಬ್ರೋಮೈಡಿನ ಚೂರುಗಳನ್ನು ಕೂಡಿಟ್ಟಿದ್ದೆವು. ಒಂದು ದೀರ್ಘ ಬೇಕು, ಯಕಾರದ ಒತ್ತು ಬೇಕು, ಅರ್ಕಾವತ್ತು ಬೇಕು ಅಂದರೆ ಅದರಲ್ಲೇ ಹುಡುಕಾಟ. ಅದೇ ಪಾಯಿಂಟಿನದು ಸಿಕ್ಕರೆ ಬ್ಲೇಡಿನಲ್ಲಿ ಬಿಡಿಸಿ, ಚಿಮುಟದಲ್ಲಿ ಹಿಡಿದು ತಂದು ಕೂರಿಸುವುದು. ಏಪ್ರಿಲ್ ತಿಂಗಳ ಸೆಕೆಯಲ್ಲೂ ಆಗ ಫ್ಯಾನು ಆರಿಸುತ್ತಿದ್ದೆವು. ಎಳ್ಳುಕಾಳಿನಷ್ಟಿರುವ ಒತ್ತು ಗಾಳಿಗೆ ಹಾರಿದರೆ ಮೇಷ್ಟ್ರೂ ಸೇರಿ ಎಲ್ಲರೂ ನೆಲದ ಮೇಲೆ ಮಂಡಿಯೂರಿ ಹುಡುಕುತ್ತಿದ್ದರು.

ಕನ್ನಡದ ಪುಟವನ್ನು ಹೀಗೆ ಕೈಯಲ್ಲಿ ಕಟ್ಟಿದವರಿಗೆ ನಮ್ಮ ಲಿಪಿ ಎಷ್ಟು ಜಾಗ ಕೇಳುತ್ತದೆ ಅನ್ನುವುದು ಮರೆಯುವುದಿಲ್ಲ. ಇಂಗ್ಲಿಷಿನಲ್ಲಿ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲು ಸಾಕು. ಕನ್ನಡಕ್ಕೆ ಅಷ್ಟೇ ಬಿಟ್ಟರೆ ಮೇಲಿನ ಸಾಲಿನ ‘ರಾಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತವೆ. 15, 16 ಪಾಯಿಂಟಾದರೂ ಬೇಕು. ಪುಟ ಉಳಿಸಬೇಕಾದ ಪ್ರಕಾಶಕರು ಸಾಲು ಹತ್ತಿರ ತನ್ನಿ ಎನ್ನುತ್ತಿದ್ದರು, ಮೇಷ್ಟ್ರು ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. ಮುಖಪುಟದ ಶೀರ್ಷಿಕೆಯಂತೂ ಪೂರ್ತಿ ಕೈಬರಹ. ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್ ಅಂಥವರು ಮಾಡಿದ ಮುಖಪುಟಗಳನ್ನು ಗೋಡೆಗೆ ಸಿಕ್ಕಿಸಿಕೊಂಡು, ಒಂದೊಂದು ಅಕ್ಷರ ಎಲ್ಲಿ ದಪ್ಪ, ಎಲ್ಲಿ ಸಣ್ಣ ಎಂದು ಬಟರ್ ಪೇಪರಿನ ಮೇಲೆ ತಿದ್ದಿ ಕಲಿತದ್ದು.

ಆ ಕೆಲಸದಲ್ಲಿ ಕಾಯುವುದು ಬಹಳ. ಬ್ರೋಮೈಡು ಬರಬೇಕು, ಚಾಮರಾಜಪೇಟೆಯಿಂದ ಫಿಲ್ಮು ಬರಬೇಕು, ಕಲರ್ ಪ್ರೂಫು ಬರಬೇಕು, ಸುಲ್ತಾನ್‌ಪೇಟೆಗೆ ಕಾಗದದ ಸ್ಯಾಂಪಲ್ ತರಲು ಹೋದ ಹುಡುಗ ವಾಪಸು ಬರಬೇಕು. ಕಾಯುವ ಹೊತ್ತೆಲ್ಲ ತಿಂಡಿ ಕಾಫಿಯ ಹೊತ್ತು. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಉಳಿದ ದಿನ ಸಂಜೆ ಯಾರಾದರೊಬ್ಬರ ಲೆಕ್ಕದಲ್ಲಿ ಮಸಾಲೆ ದೋಸೆ. ಓವರ್‌ಟೈಮ್ ಮಾಡಿ ರಾತ್ರಿ ಅಲ್ಲೇ ಉಳಿದವರು ಬೆಳಗಾದೊಡನೆ ಶಂಕರ ಮಠದ ಹತ್ತಿರದ ಬ್ರಾಹ್ಮಿನ್ಸ್ ಕಾಫಿ ಬಾರಿಗೆ ನಡೆದು ಹೋಗಿ, ಇಡ್ಲಿ ಮುಳುಗುವಷ್ಟು ಚಟ್ನಿ ಹಾಕಿಸಿಕೊಂಡು ತಿಂದು ಬರುತ್ತಿದ್ದರು. ಉಳಿದಂತೆ ದಿನವಿಡೀ ಬೈ ಟು ಕಾಫಿ. ಡಿಸೆಂಬರ್ ಜನವರಿಯಲ್ಲಿ ಸೊಗಡವರೆ ಬಂತೆಂದರೆ ಸಹೋದ್ಯೋಗಿಯೊಬ್ಬರು ನೆನೆಸಿದ ಕಾಳನ್ನು ಪಾತ್ರೆಯಲ್ಲೇ ತಂದುಬಿಡುತ್ತಿದ್ದರು. ಫಿಲ್ಮು ಬರುವ ತನಕ ಎಲ್ಲರೂ ಊಟದ ಮೇಜಿನ ಸುತ್ತ ಕೂತು ಹಿದುಕುವುದು, ಸಾಯಂಕಾಲ ಅವರು ಹಿದುಕಿದ ಬೇಳೆಯನ್ನು ಮನೆಗೊಯ್ಯುವುದು, ಮಾರನೇ ದಿನ ಅದರ ಸಾರು ಎಲ್ಲರಿಗೂ ಬರುವುದು.

ಆದರೆ ನಾನು ಹೇಳಬೇಕಾದ್ದು ಮಧ್ಯಾಹ್ನದ ಊಟದ ವಿಚಾರ. ಪ್ರೂಫ್ ನೋಡುವುದಕ್ಕೆ ಪ್ರೆಸ್ಸುಗಳಲ್ಲಿ ಇಬ್ಬರಿರುತ್ತಿದ್ದರು. ಕಾಪಿ ಹೋಲ್ಡರ್ ಅನ್ನುವವರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪ್ರೂಫಿನ ಮೇಲೆ ಕಣ್ಣಿಟ್ಟು ತಿದ್ದುವುದು. ನಮ್ಮಂಥ ಸಣ್ಣ ಜಾಗದಲ್ಲಿ ಅದಕ್ಕೆ ಬೇರೆ ಆಳು ಎಲ್ಲಿಂದ ತರುವುದು? ಹಾಗಾಗಿ ಊಟ ಮೊದಲು ಮುಗಿಸಿದವರು ಕೈತೊಳೆದು ಬಂದು ಓದುತ್ತಿದ್ದರು, ಕಾಮಾ, ಪೂರ್ಣವಿರಾಮ ಎಲ್ಲ ಸೇರಿಸಿ. ಮೇಷ್ಟ್ರು ಪೆನ್ಸಿಲ್ ಹಿಡಿದು ನೋಡುತ್ತಿದ್ದರು. ಉಳಿದವರು ಉಣ್ಣುತ್ತ ಕೇಳುತ್ತಿದ್ದರು. ಕಿವಿಗೆ ಬಿದ್ದ ವಾಕ್ಯ ಎಡವಿದರೆ ಅನ್ನ ಕಲಸುತ್ತಿದ್ದವರ ಕೈ ನಿಲ್ಲುತ್ತಿತ್ತು.

ಒಮ್ಮೆ ಧಾರವಾಡ ಕಡೆಯ ಒಂದು ಕಾದಂಬರಿ ನಡೆದಿತ್ತು. ಓದುತ್ತಿದ್ದವರು ‘ಕಟುಕ ರೊಟ್ಟಿ’ ಎಂದು ಓದಿ ಮುಂದೆ ಹೋದರು. ಬೆಂಗಳೂರು, ಮೈಸೂರು, ಮಂಡ್ಯದ ನಾವ್ಯಾರೂ ತಡೆಯಲಿಲ್ಲ. ನಮ್ಮಲ್ಲಿ ಪೇಸ್ಟಪ್ ಮಾಡುತ್ತಿದ್ದ ಹುಬ್ಬಳ್ಳಿಯ ಅಕ್ಕನೊಬ್ಬಳು ತುತ್ತು ಕೆಳಗಿಟ್ಟಳು. “ನಿಲ್ರಿ, ನಿಲ್ರಿ. ಕಟುಕ ರೊಟ್ಟಿ ಅಂದ್ರ ಏನ್ರೀ? ಅದು ಕಟಕ ರೊಟ್ಟಿ. ಜ್ವಾಳದ ರೊಟ್ಟೀನ ಒಣಗಿಸಿ ಇಟ್ಟಿರತಾರಲ್ಲ, ಮುರದ್ರ ಕಟ್ ಅಂತದ.” ಹಸ್ತಪ್ರತಿ ತೆಗೆದು ನೋಡಿದರೆ ಲೇಖಕರು ಸರಿಯಾಗೇ ಬರೆದಿದ್ದರು, ಸೆಟ್ಟಿಂಗಿನವರು ತಮಗೆ ಗೊತ್ತಿದ್ದ ಪದಕ್ಕೆ ತಿರುಗಿಸಿದ್ದರು. ಊರಿಗೆ ಹೋಗಿ ಬಂದಾಗ ಆಕೆ ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯ ಅಟ್ಟಿಯನ್ನೇ ತಂದಳು. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಆಮೇಲೆ ಆ ಕಡೆಯ ಪುಸ್ತಕ ಯಾವುದು ಬಂದರೂ ಆಕೆ ಕೇಳಿಸಿಕೊಳ್ಳದೆ ಅಚ್ಚಿನ ಪ್ಲೇಟಿಗೆ ಹೋಗುತ್ತಿರಲಿಲ್ಲ. ಕರಾವಳಿಯ ಪುಸ್ತಕಗಳಿಗೆ ಪುತ್ತೂರಿನ ಹುಡುಗನಿದ್ದ. ಪತ್ರೊಡೆ, ನೀರುದೋಸೆಯ ಜೊತೆಗೆ ಅಲ್ಲಿನ ಮಾತಿನ ಲಯವೂ ನಮಗೆ ಅವನ ಡಬ್ಬಿಯಿಂದಲೇ ಗೊತ್ತಾದದ್ದು. ಕನ್ನಡನಾಡು ಎಷ್ಟು ದೊಡ್ಡದು ಎಂದು ನನಗೆ ಯಾವ ಶಾಲೆಯೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿಲ್ಲ.

ಆ ಮೇಜಿಗೂ ಒಂದು ಪರೀಕ್ಷೆ ಬಂದಿತ್ತು. ಮನೆ ಮಾಲೀಕರು ಮಾಂಸ ತರಕೂಡದು ಎಂದು ಮೊದಲೇ ಹೇಳಿದ್ದರು. ಚನ್ನಪಟ್ಟಣದ ಕಡೆಯ ನಮ್ಮ ಆರ್ಟಿಸ್ಟ್ ಒಬ್ಬರು ಯುಗಾದಿಯ ಹೊಸತೊಡಕಿನ ಮಾರನೇ ದಿನ ಡಬ್ಬಿ ತಂದರೆ ಮಹಡಿ ಮೆಟ್ಟಿಲ ಮೇಲೆ ಒಬ್ಬರೇ ಕೂತು ಉಣ್ಣುತ್ತಿದ್ದರು. ಒಂದು ವರ್ಷ ಮೇಷ್ಟ್ರು ಅದನ್ನು ಕಂಡು ಕೆಳಗೆ ಹೋಗಿ ಮಾಲೀಕರ ಹತ್ತಿರ ಮಾತಾಡಿ ಬಂದರು. ಏನು ಮಾತಾಡಿದರೋ ನಮಗೆ ಹೇಳಲಿಲ್ಲ. “ಬನ್ನಿ ಸ್ವಾಮಿ, ಒಳಗೆ ಬನ್ನಿ. ನಿಮ್ಮ ಜಾಗ ಮೆಟ್ಟಿಲಲ್ಲ” ಎಂದು ಅವರ ಡಬ್ಬಿಯನ್ನು ತಾವೇ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟರು. ಮೇಷ್ಟ್ರು ಸ್ವತಃ ಮೊಟ್ಟೆಯನ್ನೂ ಮುಟ್ಟಿದವರಲ್ಲ. ಅವತ್ತು ಅವರ ಪಕ್ಕದಲ್ಲೇ ಕೂತು ಮೊಸರನ್ನ ತಿಂದರು. ಎಲ್ಲರ ಕನ್ನಡವೂ ಬೇಕು, ಎಲ್ಲರ ಊಟ ಬೇಡ ಅನ್ನುವುದು ಆಗದ ಮಾತು ಎಂದು ನಾನು ಇವತ್ತಿಗೂ ನಂಬಿರುವುದು ಆ ದಿನದಿಂದ.

1990ರ ದಶಕದ ನಡುವೆ ಎಸ್.ಪಿ. ರಸ್ತೆಯಲ್ಲಿ ಜೋಡಿಸಿದ ಕಂಪ್ಯೂಟರು ಬಂತು, ಪೇಜ್‌ಮೇಕರ್ ಬಂತು, ಶ್ರೀಲಿಪಿ ಬಂತು. ಲೇಸರ್ ಪ್ರಿಂಟರಿನಲ್ಲಿ ಟ್ರೇಸಿಂಗ್ ಪೇಪರಿನ ಮೇಲೇ ಔಟ್‌ಪುಟ್ ತೆಗೆದು ನೇರ ಪ್ಲೇಟಿಗೆ ಕೊಡಬಹುದಾದ್ದರಿಂದ ಬ್ರೋಮೈಡಿನ ಖರ್ಚೂ ಕಾಯುವುದೂ ಉಳಿಯಿತು. ಬಿಸ್ಕತ್ತಿನ ಡಬ್ಬಿಯ ಕೆಲಸ ಮುಗಿಯಿತು. ಆಯುಧಪೂಜೆಗೆ ರೋಟ್ರಿಂಗ್ ಪೆನ್ನು, ಸ್ಟೀಲ್ ಸ್ಕೇಲು, ಕಟರುಗಳ ಪಕ್ಕದಲ್ಲಿ ಸಿಪಿಯು ಕೂಡ ಚೆಂಡುಹೂ ಮುಡಿದು ನಿಂತಿತು. ಬೂದುಗುಂಬಳ, ಕಡ್ಲೆಪುರಿ, ಸ್ವೀಟ್ ಬಾಕ್ಸ್ ಎಂದಿನಂತೆಯೇ. ಕೆಲಸ ಹಗುರವಾದದ್ದಕ್ಕೆ ನಾವು ನಿಜವಾಗಿ ಸಂತೋಷಪಟ್ಟೆವು. ಬೆನ್ನು ಬಗ್ಗಿಸಿ ಒತ್ತು ಅಂಟಿಸಿದವರಿಗೆ ಅದರ ಬೆಲೆ ಗೊತ್ತು.

ಹೊಸ ತಲೆನೋವು ಬೇರೆ ಥರದ್ದು. ಅಂದಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿಕೊಂಡಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಪುಟವೆಲ್ಲ ಅರ್ಥವಿಲ್ಲದ ಇಂಗ್ಲಿಷ್. ಒಂದು ಸಂಸ್ಥೆಯ ಫಾಂಟಿನಿಂದ ಇನ್ನೊಂದಕ್ಕೆ ಬದಲಿಸುವಾಗ ಅರ್ಕಾವತ್ತು, ಒತ್ತು ಎಲ್ಲೋ ಉದುರಿರುತ್ತಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಾಗ, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಾಗ ಲೇಖಕರು ತಾವೇ ಟೈಪ್ ಮಾಡಿ ಕೊಡತೊಡಗಿದರು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮ ಕಲಿಯಲು ಎಷ್ಟು ಸರಳ ಎಂದರೆ, ಅರವತ್ತು ದಾಟಿದ ಲೇಖಕರೂ ಅದರಲ್ಲಿ ಕಾದಂಬರಿ ಟೈಪಿಸಿ ತಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿತ್ತು. ನಾವು ದಿನವೂ ಬಳಸುವ ಪೇಜ್‌ಮೇಕರಿಗೆ ಮಾತ್ರ ಅದು ತಿಳಿಯಲೇ ಇಲ್ಲ, 2001ರ ಅದರ ಕೊನೆಯ ಆವೃತ್ತಿಗೂ. 2012ರಲ್ಲಿ ಇನ್‌ಡಿಸೈನ್ ಸಿಎಸ್6 ಬಂದ ಮೇಲೆ ಯೂನಿಕೋಡ್ ಕನ್ನಡ ಪುಟದ ಮೇಲೆ ನೆಟ್ಟಗೆ ಕೂತಿತು.

ಹಸ್ತಪ್ರತಿ ಹೋಯಿತಲ್ಲ, ಅದರ ಜೊತೆಗೆ ಕಾಪಿ ಹೋಲ್ಡರ್ ಕೂಡ ಹೋದರು. ಲೇಖಕರೇ ಟೈಪ್ ಮಾಡಿದ್ದಾರೆ, ಇನ್ನು ಓದುವುದೇನು ಎನ್ನುವ ಭಾವನೆ ಬಂತು. ಪ್ರೂಫು ಇಮೇಲಿನಲ್ಲಿ ಹೋಗಿ ಇಮೇಲಿನಲ್ಲಿ ಬರತೊಡಗಿತು, ನಂತರ ವಾಟ್ಸಾಪಿನಲ್ಲಿ. ಕಾಯುವ ಹೊತ್ತು ಇಲ್ಲವಾದ ಮೇಲೆ ಒಟ್ಟಿಗೆ ಉಣ್ಣುವ ಹೊತ್ತೂ ಇಲ್ಲವಾಯಿತು. ಒಬ್ಬೊಬ್ಬರು ಒಂದೊಂದು ಗಂಟೆಗೆ, ಪರದೆ ನೋಡಿಕೊಂಡೇ ಉಂಡರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಎಲ್ಲರೂ ಮನೆಯಿಂದಲೇ ಕೆಲಸ ಮಾಡಿದರು, ಬಾಡಿಗೆ ಕಟ್ಟಲಾಗದೆ ಆ ಎರಡು ಕೋಣೆಗಳನ್ನು ಬಿಟ್ಟುಕೊಟ್ಟೆವು. ಮೇಷ್ಟ್ರು ಅದಕ್ಕೆ ಮೊದಲೇ ತೀರಿಕೊಂಡಿದ್ದರು.

ಕನ್ನಡಕ್ಕೆ ಈಗ ಒಳ್ಳೊಳ್ಳೆ ಫಾಂಟುಗಳಿವೆ, ಬಲೂ ತಮ್ಮ, ಅನೇಕ್‌ನಂಥವು ದುಡ್ಡಿಲ್ಲದೆ ಸಿಗುತ್ತವೆ. ಎಳೆಯರು ನಮಗಿಂತ ಧೈರ್ಯವಾಗಿ ಅಕ್ಷರ ಬರೆಯುತ್ತಾರೆ, ನೋಡಿ ಹಿಗ್ಗುತ್ತೇನೆ. 2024ರಲ್ಲಿ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂಬ ನಿಯಮ ಬಿಗಿಯಾದಾಗ ಬೆಂಗಳೂರಿನ ಬೀದಿಗಳಲ್ಲಿ ಒಮ್ಮೆಗೇ ಅಷ್ಟು ಕನ್ನಡ ಕಂಡು ಖುಷಿಯಾಯಿತು. ಹತ್ತಿರ ಹೋಗಿ ಓದಿದರೆ ಒತ್ತಕ್ಷರ ಮುರಿದು ಬಿದ್ದಿವೆ, ಎಷ್ಟೋ ಕಡೆ ದೀರ್ಘವೇ ಇಲ್ಲ. ಅಳತೆ ನೋಡಿದವರು ಇದ್ದಾರೆ, ಬಾಯಿಬಿಟ್ಟು ಓದಿದವರು ಇಲ್ಲ. ನನಗೆ ಇದು ಸಣ್ಣ ವಿಷಯವಲ್ಲ.

ಹಾಗಾಗಿ ಈಗ ತ್ಯಾಗರಾಜನಗರದ ನನ್ನ ಮನೆಯ ಊಟದ ಮೇಜಿನಲ್ಲಿ ಬುಧವಾರ ಮಧ್ಯಾಹ್ನ ನಾಲ್ಕೈದು ಜನ ಸೇರುತ್ತೇವೆ, ಎಲ್ಲರೂ ಡಬ್ಬಿ ತರುತ್ತಾರೆ. ಆ ವಾರ ಪ್ರೆಸ್ಸಿಗೆ ಹೋಗುವ ಪುಸ್ತಕದ ಪ್ರಿಂಟ್ ತೆಗೆದು ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ. ಹುಬ್ಬಳ್ಳಿಯ ಅಕ್ಕ ಊರಿಗೆ ಮರಳಿದ್ದಾಳೆ, ಆ ಕಡೆಯ ಪುಸ್ತಕವಾದರೆ ಫೋನಿನಲ್ಲಿ ಕೂರುತ್ತಾಳೆ. ಮೊನ್ನೆ ಮಲೆನಾಡಿನ ಅಡುಗೆಯ ಪುಸ್ತಕವೊಂದರಲ್ಲಿ ‘ಮಳೆಗಾಲದ ಕಡಲೆ ಪಲ್ಯ’ ಎಂದಿತ್ತು. ಯಂತ್ರ ಅದಕ್ಕೆ ಕೆಂಪು ಗೆರೆ ಹಾಕಿರಲಿಲ್ಲ, ಹಾಕುವಂಥ ತಪ್ಪೂ ಅಲ್ಲ. ತೀರ್ಥಹಳ್ಳಿಯ ಹುಡುಗ ತಲೆಯೆತ್ತಿ, “ಅಕ್ಕ, ಅದು ಕಳಲೆ ಆಗ್ಬೇಕಲ್ವಾ? ಬಿದಿರಿನ ಮೊಳಕೆ” ಎಂದ. ಲೇಖಕಿಗೆ ಅಲ್ಲಿಂದಲೇ ಫೋನು ಮಾಡಿದೆವು, ಕಳಲೆಯೇ. ಕೂತಿದ್ದವರಲ್ಲಿ ಇಬ್ಬರು ಅದನ್ನು ತಿಂದೇ ಇರಲಿಲ್ಲ. ಮಳೆ ಹಿಡಿದ ಮೇಲೆ ಊರಿಂದ ತರುತ್ತೇನೆ ಎಂದಿದ್ದಾನೆ. ಹೆಚ್ಚಿ ಮೂರು ದಿನ ನೀರು ಬದಲಿಸುತ್ತ ನೆನೆಸಿಡಬೇಕಂತೆ, ಅದಕ್ಕೆ ಭಾನುವಾರವೇ ತಂದುಕೊಡಬೇಕು ಎಂದು ಹೇಳಿ ಕಳಿಸಿದ್ದೇನೆ.