ಹೆಸರಿಲ್ಲದ ಸಿಪಾಯಿಗಳು

ಗೋಕಾಕಕ್ಕೆ ಹೋದವರು ಕರದಂಟು ಕಟ್ಟಿಸಿಕೊಂಡು, ಘಟಪ್ರಭೆ ಧುಮುಕುವುದನ್ನು ನೋಡಿ ಮರಳುವುದೇ ಹೆಚ್ಚು. ನೀವು ಹಾಗೆ ಮಾಡಬೇಡಿ. ಮೊದಲು ಗೋಕಾಕ ತಾಲೂಕಿಗೇ ಸೇರಿದ್ದ ಮೂಡಲಗಿಯನ್ನೂ ನೋಡಿಕೊಂಡು ಹುಕ್ಕೇರಿಗೆ ಬನ್ನಿ. ಅಲ್ಲಿ ಆದಿಲ್‌ಶಾಹಿ ಕಾಲದ ಗುಂಬಜ್‌ಗಳಿವೆ. ಸರದಾರರಿಗೇನೋ ಗುಂಬಜ್ ಎದ್ದಿತು, ಸಿಪಾಯಿಗಳಿಗೆ?

ಈ ಸೀಮೆಗೆ ದಂಡಿನ ಊರೆಂದರೆ ಬೆಳಗಾವಿ. ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದು ಅಲ್ಲೇ. ಮೊದಲನೇ ಮಹಾಯುದ್ಧದ ಕಾಲಕ್ಕೆ ಮರಾಠಾ ಪಲ್ಟಣಗಳಲ್ಲಿ ದಖನಿ ಮುಸಲ್ಮಾನರ ತುಕಡಿಗಳೂ ಇದ್ದವು. ಮಿತ್ರರಾಷ್ಟ್ರಗಳ ಪರವಾಗಿ ಈ ಪಲ್ಟಣಗಳು ಇರಾಕಿನ ಕೂತ್‌ನಲ್ಲಿ ತುರ್ಕರೆದುರು ನಿಂತವು. ಐದು ತಿಂಗಳ ಮುತ್ತಿಗೆ, ಹಸಿವು, 1916ರ ಏಪ್ರಿಲ್ 29ರಂದು ಶರಣಾಗತಿ. ಸೆರೆಯಲ್ಲೂ ಬಹಳ ಮಂದಿ ಸತ್ತರು. ಎದುರು ಪಾಳೆಯದವರೂ ಅದೇ ಕಿಬ್ಲಾದತ್ತ ಮುಖ ಮಾಡುವವರು! ಆ ಸಿಪಾಯಿಯ ಎದೆಯಲ್ಲಿ ಏನಾಗಿರಬೇಕು, ನೀವೇ ಊಹಿಸಿ.

ಬಸ್ರಾದ ಸ್ಮಾರಕ 40,000ಕ್ಕೂ ಹೆಚ್ಚು ಮಂದಿಯದು. ಬ್ರಿಟಿಷ್ ಸಿಪಾಯಿಗಳ ಹೆಸರು ಕೆತ್ತಿದರು. ನಮ್ಮ ಸಾಮಾನ್ಯ ಸಿಪಾಯಿಗಳದ್ದು ಪಲ್ಟಣದಡಿ ಬರೀ ಲೆಕ್ಕ. ಈ ತಾರತಮ್ಯಕ್ಕೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಕ್ಷಮೆ ಕೇಳಿದ್ದು 2021ರಲ್ಲಿ.

ನಿಮ್ಮ ಮನೆಯ ಹಳೇ ಪೆಟ್ಟಿಗೆಯಲ್ಲಿ ಆ ಯುದ್ಧದ ಪದಕವೇನಾದರೂ ಇದ್ದರೆ ಅದರ ಅಂಚನ್ನು ಒರೆಸಿ ನೋಡಿ. ಪಡೆದವನ ಹೆಸರು ಅಲ್ಲಿ ಇದ್ದೀತು.