ಎಲ್ಲ ಮೂರೂ ಒಂದೇ ಅಲ್ಲ

ಕ್ಲಾರಿಯೋನೆಟ್ ರೀಡಿನ ಮೇಲಿರುವ ನಂಬರ್ ಅದರ ದಪ್ಪದ ಅಳತೆ ಅಂದುಕೊಳ್ಳುವವರು ಬಹಳ. ಹಾಗಲ್ಲ. ಒಂದು ಕಂಪನಿಯ ಒಂದೇ ಮಾದರಿಯಲ್ಲಿ ಎರಡೂವರೆಯನ್ನೂ ಮೂರನ್ನೂ ಒಂದೇ ಅಳತೆಗೆ ಕೊಯ್ದಿರುತ್ತಾರೆ. ಆಮೇಲೆ ಎಷ್ಟು ಬಾಗುತ್ತದೆ ಅಂತ ಪರೀಕ್ಷಿಸಿ ನಂಬರ್ ಹಾಕುತ್ತಾರೆ. ರೀಡ್ ಮಾಡುವುದು ಹುಲ್ಲಿನ ಜಾತಿಯ ಗಿಡದಿಂದ ತಾನೆ, ಒಂದೊಂದು ದಂಟಿನ ಬಿರುಸು ಒಂದೊಂದು ಥರ.

ಈ ನಂಬರು ಕಂಪನಿಯಿಂದ ಕಂಪನಿಗೆ ತಾಳೆಯಾಗುವುದಿಲ್ಲ. ಕಿತ್ತಳೆ ಡಬ್ಬಿಯ ರೀಕೋ ಮೂರರಲ್ಲಿ ಆರಾಮಾಗಿ ನುಡಿಸುವವರಿಗೆ ನೀಲಿ ಡಬ್ಬಿಯ ವ್ಯಾಂಡೊರೆನ್ ಮೂರು ಗಟ್ಟಿ ಅನ್ನಿಸುತ್ತದೆ, ಎರಡೂವರೆಯೇ ಹತ್ತಿರ. ಅದೇ ವ್ಯಾಂಡೊರೆನ್‌ನ ವಿ12 ಇನ್ನೂ ಬೇರೆ: ತುದಿ 0.09 ಬದಲು 0.10 ಮಿ.ಮೀ., ಬುಡ 2.8 ಬದಲು 3.15 ಮಿ.ಮೀ. ಎರಡನ್ನೂ ಹಿಡಿದು ನೋಡಿದರೆ ಬುಡದ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ.

ಮೌತ್‌ಪೀಸಿನ ಬಾಯಿ ಅಗಲವಾಗಿದ್ದರೆ ಮೆದು ರೀಡ್, ಕಿರಿದಾಗಿದ್ದರೆ ಗಟ್ಟಿಯದು ಸಾಮಾನ್ಯವಾಗಿ ಒಗ್ಗುತ್ತದೆ. ನಂಬರ್ ಏರಿದಷ್ಟೂ ವಿದ್ವತ್ತು ಏರುತ್ತದೆ ಅನ್ನುವ ಭ್ರಮೆಯಿಂದ ಕಲಿಯುವ ಮಕ್ಕಳ ತುಟಿ ನೋಯುತ್ತದೆ, ನನಗೆ ಸಂಕಟವಾಗುವುದು ಅಲ್ಲೇ. ಕಂಪನಿ ಬದಲಿಸುವಾಗ ಪೂರ್ತಿ ಡಬ್ಬಿ ಕೊಳ್ಳಬೇಡಿ. ಅರ್ಧ ನಂಬರ್ ಆಚೀಚಿನ ಬಿಡಿ ರೀಡ್ ತಂದು, ನಿಮ್ಮದೇ ಮೌತ್‌ಪೀಸಿಗೆ ಕಟ್ಟಿ ನುಡಿಸಿ ನೋಡಿ.