ಆರೈಕೆಗೂ ಒಬ್ಬ ಸಾಕ್ಷಿ ಬೇಕು

ಒಂದು ಲೋಟ ನೀರಿಗಾಗಿ ಇನ್ನೊಬ್ಬರ ಕೈಯನ್ನು ಕಾಯಬೇಕಾದ ವ್ಯಕ್ತಿಯೊಬ್ಬರು ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇರಬಹುದು. ಮುಪ್ಪಿನಿಂದ ಹಾಸಿಗೆ ಹಿಡಿದವರು, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರು, ಮರೆವಿನ ಕಾಯಿಲೆಯವರು, ಮನೋರೋಗದಿಂದ ಬಳಲುವವರು, ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ಕುಂಠಿತವಾಗಿ ಈಗ ನಲವತ್ತು ದಾಟಿದ ಮಗ ಅಥವಾ ಮಗಳು. ಇವರೆಲ್ಲ ವಯಸ್ಸಿನಲ್ಲಿ ದೊಡ್ಡವರು, ಆದರೆ ತಮ್ಮನ್ನು ತಾವೇ ರಕ್ಷಿಸಿಕೊಳ್ಳಲಾರದವರು. ಮಗುವಿನ ಮೈಮೇಲೆ ಬಾಸುಂಡೆ ಕಂಡರೆ ನಾವು ತಟ್ಟನೆ ಕಾರಣ ಕೇಳುತ್ತೇವೆ. ಇಂಥವರ ಮೈಮೇಲೆ ಕಂಡರೆ, 'ಎಲ್ಲೋ ಬಿದ್ದಿರಬೇಕು' ಎಂದುಕೊಂಡು ಸುಮ್ಮನಾಗುತ್ತೇವೆ. 'ಅದು ಅವರ ಮನೆಯ ವಿಚಾರ' ಎನ್ನುವುದು ನಮ್ಮಲ್ಲಿ ಸೌಜನ್ಯದ ಮಾತೆನಿಸಿಕೊಂಡಿದೆ. ಆ ಸೌಜನ್ಯವನ್ನೇ ಇಂದು ನಿಮ್ಮೊಡನೆ ಸ್ವಲ್ಪ ಪರೀಕ್ಷಿಸಬಯಸುತ್ತೇನೆ.

ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿರುವ ಎಕ್ಕಂಬಿಯನ್ನು ನಿಮ್ಮಲ್ಲಿ ಬಹುಮಂದಿ ಬಸ್ಸಿನ ಕಿಟಕಿಯಿಂದಲಾದರೂ ನೋಡಿರುತ್ತೀರಿ. ರಸ್ತೆಯ ಮೇಲೆ ಜನರ ಓಡಾಟವಿದೆ. ಆದರೆ ರಸ್ತೆ ಬಿಟ್ಟು ಒಳಗೆ ನಡೆದರೆ, ಗದ್ದೆ ತೋಟಗಳ ನಡುವೆ ಮನೆಗಳು ದೂರ ದೂರ. ಮಳೆಗಾಲದಲ್ಲಿ ಒಂದು ಮನೆಯ ಕೂಗು ಇನ್ನೊಂದಕ್ಕೆ ಕೇಳಿಸದು. ಹಿಂದೆ ಇಂಥ ಮನೆಗಳಲ್ಲಿ ಹತ್ತು ಹನ್ನೆರಡು ಜನ ಇರುತ್ತಿದ್ದರು. ಅವರೆಲ್ಲರೂ ಪ್ರೀತಿಯ ಮೂರ್ತಿಗಳಾಗಿದ್ದರೆಂದು ಹೇಳಲಾರೆ. ಕೂಡುಕುಟುಂಬದ ಮೂಲೆಗಳಲ್ಲೂ ಕಣ್ಣೀರು ಇತ್ತು. ಆದರೆ ನೋಡುವ ಕಣ್ಣುಗಳು ಹಲವು ಇದ್ದವು. ಅಜ್ಜಿಗೆ ಗಂಜಿ ಸಿಕ್ಕಿಲ್ಲವೆಂಬುದು ಯಾರಾದರೊಬ್ಬರ ಗಮನಕ್ಕೆ ಬರುತ್ತಿತ್ತು. ಇಂದು ಮಕ್ಕಳು ಹುಬ್ಬಳ್ಳಿ, ಬೆಂಗಳೂರು, ಗೋವಾ, ಕೊಲ್ಲಿ ದೇಶಗಳಲ್ಲಿದ್ದಾರೆ. ಮನೆಯಲ್ಲಿ ಉಳಿದವರು ಇಬ್ಬರೇ: ಆರೈಕೆ ಪಡೆಯುವವರು ಒಬ್ಬರು, ಮಾಡುವವರು ಒಬ್ಬರು. ಅವರಿಬ್ಬರ ನಡುವೆ ನಡೆಯುವುದಕ್ಕೆ ಸಾಕ್ಷಿಯೇ ಇಲ್ಲ.

ನಮ್ಮ ಚಿಕ್ಕಪ್ಪನವರ ಕೊನೆಯ ವರ್ಷಗಳು ಇಂಥದೇ ಒಂದು ಮನೆಯಲ್ಲಿ ಕಳೆದವು. ಪಾರ್ಶ್ವವಾಯುವಿನಿಂದ ಬಲಗೈಯೂ ಮಾತೂ ಹೋಗಿದ್ದವು. ದೂರದಲ್ಲಿದ್ದ ಮಕ್ಕಳು ಸಂಸ್ಥೆಯೊಂದರ ಮೂಲಕ ಹೋಂ ನರ್ಸ್ ಒಬ್ಬರನ್ನು ನೇಮಿಸಿದ್ದರು. ಹಣ ತಪ್ಪದೆ ಬರುತ್ತಿತ್ತು, ದಿನವೂ ಫೋನ್ ಬರುತ್ತಿತ್ತು, 'ಚೆನ್ನಾಗಿದ್ದಾರೆ' ಎಂಬ ಉತ್ತರವೂ ಹೋಗುತ್ತಿತ್ತು. ಹಾಲು ಕೊಡಲು ಬರುತ್ತಿದ್ದ ನೆರೆಮನೆಯ ತಾಯಿಯೊಬ್ಬರು ಮಾತ್ರ ಹೊಸಿಲಲ್ಲೇ ನಿಂತು ಹಿಂದಿರುಗುತ್ತಿರಲಿಲ್ಲ. ನೇರವಾಗಿ ಮಂಚದ ಬಳಿಗೆ ಹೋಗಿ, 'ಊಟ ಆತೇನ್ರೀ ಅಣ್ಣಾ?' ಎಂದು ಚಿಕ್ಕಪ್ಪನವರನ್ನೇ ಕೇಳುತ್ತಿದ್ದರು. ಅವರು ತಲೆಯಾಡಿಸುವವರೆಗೆ ಕಾಯುತ್ತಿದ್ದರು. ನೀರಿನ ಲೋಟ ಪ್ರತಿದಿನವೂ ಎಡಗೈಗೆ ಎಟುಕದಷ್ಟು ದೂರದಲ್ಲಿರುವುದನ್ನು ಮೊದಲು ಕಂಡವರು ಅವರೇ. ನೀರು ಕಡಿಮೆಯಾದರೆ ಬಟ್ಟೆ ಬದಲಿಸುವ ಕೆಲಸವೂ ಕಡಿಮೆ! ಹಗಲಲ್ಲೂ ಮಂಪರು ಕವಿದಿರುವುದನ್ನು ಗಮನಿಸಿ, ನಿದ್ರೆಯ ಮಾತ್ರೆಗಳನ್ನು ಎಣಿಸುವಂತೆ ಮಕ್ಕಳಿಗೆ ಹೇಳಿದವರೂ ಅವರೇ.

ಮಗ ಬಂದು ವಿಚಾರಿಸಿದಾಗ ತಿಳಿದದ್ದೇನು? ಆ ನರ್ಸ್ ದುಷ್ಟಳೇನೂ ಆಗಿರಲಿಲ್ಲ. ಏಳು ತಿಂಗಳಿನಿಂದ ಆಕೆಗೆ ಒಂದು ದಿನದ ರಜೆಯೂ ಇರಲಿಲ್ಲ. ರಾತ್ರಿ ನಾಲ್ಕು ಬಾರಿ ಏಳಬೇಕು, ಹಗಲು ಅಡುಗೆಯನ್ನೂ ಮಾಡಬೇಕು. ಕಳುಹಿಸಿದ ಸಂಸ್ಥೆಯವರು ತಮ್ಮ ಪಾಲಿನ ಹಣ ಪಡೆದ ಮೇಲೆ ಒಮ್ಮೆಯೂ ಅತ್ತ ತಲೆಹಾಕಿರಲಿಲ್ಲ. ಅನಂತರ ರಾತ್ರಿಗೆ ಇನ್ನೊಬ್ಬರು ಬಂದರು, ವಾರಕ್ಕೊಂದು ರಜೆ ಗೊತ್ತಾಯಿತು, ಮಾತ್ರೆಗೂ ಖರ್ಚಿಗೂ ಒಂದು ನೋಟುಪುಸ್ತಕ ಬಂದಿತು. ಆಕೆಯೇ ಮುಂದೆ ಎರಡು ವರ್ಷ ಚಿಕ್ಕಪ್ಪನವರನ್ನು ಚೆನ್ನಾಗಿ ನೋಡಿಕೊಂಡಳು. ಒಬ್ಬರು ಒಳಗೆ ಬಂದು ನೋಡಿದ್ದರಿಂದ ಅಂದು ಉಳಿದುಕೊಂಡವರು ಇಬ್ಬರು.

ದೌರ್ಜನ್ಯವೆಂದರೆ ಹೊಡೆತ ಮಾತ್ರವೆಂದು ನಾವು ತಿಳಿದಿದ್ದೇವೆ. ವೇಳೆಗೆ ಅನ್ನ ನೀರು ಕೊಡದಿರುವುದು, ಒದ್ದೆ ಬಟ್ಟೆಯಲ್ಲೇ ಬಿಡುವುದು, ಬೈಯುವುದು, ಕೋಣೆಯಲ್ಲಿ ಕೂಡಿಹಾಕುವುದು, ಸುಮ್ಮನಿರಲೆಂದು ಮದ್ದು ಕೊಡುವುದು, ಇವೆಲ್ಲವೂ ದೌರ್ಜನ್ಯವೇ. ಹಣದ ವಿಷಯವಂತೂ ಇನ್ನೂ ಸೂಕ್ಷ್ಮ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಹಣ ಖಾತೆಗೆ ಜಮೆಯಾಗುತ್ತದೆ; ಆದರೆ ಎಟಿಎಂ ಕಾರ್ಡು ಯಾರ ಜೇಬಿನಲ್ಲಿದೆ? ಹೆಬ್ಬೆಟ್ಟು ಒತ್ತಿಸಿದ ಕಾಗದದಲ್ಲಿ ಏನು ಬರೆದಿತ್ತೆಂದು ಆ ಅಜ್ಜಿಗೆ ಓದಿ ಹೇಳಿದವರು ಯಾರು? 60 ದಾಟಿದ ಆರು ಮಂದಿಯಲ್ಲಿ ಒಬ್ಬರು ಒಂದು ವರ್ಷದ ಅವಧಿಯಲ್ಲಿ ಒಂದಲ್ಲ ಒಂದು ಬಗೆಯ ದೌರ್ಜನ್ಯಕ್ಕೆ ಗುರಿಯಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆರರಲ್ಲಿ ಒಬ್ಬರೆಂದರೆ, ಅವರು ನಮ್ಮ ಪರಿಚಯದವರೇ ಆಗಿರುವ ಸಂಭವ ಹೆಚ್ಚು.

ಮನೆಯಲ್ಲಿ ಆಗದಿದ್ದರೆ ಆಶ್ರಮವಿದೆಯಲ್ಲ ಎನ್ನುವಿರಾ? ಆಶ್ರಮಕ್ಕೂ ಹೊರಗಿನ ಕಣ್ಣು ಬೇಕು. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳ ಖಾಸಗಿ ವಸತಿಗೃಹಕ್ಕೆ ಬೆಂಕಿ ಬಿದ್ದಾಗ 28 ಮಂದಿ ಪ್ರಾಣ ಕಳೆದುಕೊಂಡರು. ಸರಪಳಿಯಲ್ಲಿ ಬಂಧಿತರಾಗಿದ್ದ ಕಾರಣ ಅವರು ಓಡಲಾರದೆ ಹೋದರು. ಅವರನ್ನು ಅಲ್ಲಿ ಬಿಟ್ಟುಹೋದ ಬಂಧುಗಳಲ್ಲಿ ಅನೇಕರು ಗುಣವಾಗಲೆಂಬ ನಂಬಿಕೆಯಿಂದಲೇ ಬಿಟ್ಟಿದ್ದರು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸಂಪೂರ್ಣವಾಗಿ ನಿಷೇಧಿಸಿದೆ.

ನಮ್ಮ ಧಾರ್ಮಿಕ ಸಂಸ್ಥೆಗಳೂ ಈ ಮಾತಿಗೆ ಹೊರತಲ್ಲ. ಸಂತ ಜೀನ್ ಜುಗಾನ್ 1839ರಲ್ಲಿ ಫ್ರಾನ್ಸಿನಲ್ಲಿ ಅಂಧ ವೃದ್ಧೆಯೊಬ್ಬರನ್ನು ಮನೆಗೆ ಕರೆತಂದು, ತಮ್ಮ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ಅಲ್ಲಿಂದ ಬೆಳೆದ ವೃದ್ಧರ ಸೇವೆಯ ಸಭೆ ಬೆಂಗಳೂರಿನಲ್ಲೂ ನೆಲೆಸಿದೆ. ಆದರೆ ಅದೇ ಸಭೆಯಲ್ಲಿ ಆಕೆಯನ್ನು ಅಧಿಕಾರದಿಂದ ದೂರವಿರಿಸಿ, ಸಂಸ್ಥಾಪಕರು ತಾವೇ ಎಂದು ಹೇಳಿಕೊಂಡ ಗುರುಗಳೊಬ್ಬರಿದ್ದರು. ಆಕೆ 1879ರಲ್ಲಿ ಮರೆಯಲ್ಲೇ ತೀರಿಕೊಂಡರು. 1890ರಲ್ಲಷ್ಟೇ ಆ ಗುರುಗಳನ್ನು ರೋಮ್ ಪದಚ್ಯುತಗೊಳಿಸಿತು. ಕರುಣೆಯಿಂದ ಕಟ್ಟಿದ ಮನೆಯೂ ಪ್ರಶ್ನೆಗೆ ಅತೀತವಲ್ಲ. ಪೋಪ್ ಫ್ರಾನ್ಸಿಸರು 2019ರ ಮೇ ತಿಂಗಳಲ್ಲಿ ಹೊರಡಿಸಿದ ಆದೇಶ ಲೈಂಗಿಕ ದೌರ್ಜನ್ಯದಿಂದ ಮಕ್ಕಳಿಗೆ ಮಾತ್ರವಲ್ಲ, ಅಸಹಾಯಕ ವಯಸ್ಕರಿಗೂ ರಕ್ಷಣೆ ನೀಡುತ್ತದೆ. ಅನಾರೋಗ್ಯದಿಂದ ತಾತ್ಕಾಲಿಕವಾಗಿ ಎದುರಿಸುವ ಶಕ್ತಿ ಕುಂದಿದವರೂ ಅದರ ವ್ಯಾಪ್ತಿಗೆ ಬರುತ್ತಾರೆ. ದೂರಿಗೊಂದು ದಾರಿ ಇರಬೇಕೆಂದೂ ಅದು ವಿಧಿಸಿದೆ.

ದೇಶದ ಕಾನೂನು ಏನು ಹೇಳುತ್ತದೆ? ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಅಂಗೀಕಾರವಾದದ್ದು 2007ರಲ್ಲಿ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಡಬಹುದು. ಎಕ್ಕಂಬಿಯವರಿಗೆ ಆ ಕಚೇರಿ ಶಿರಸಿಯಲ್ಲೇ ಇದೆ. ಹಿರಿಯರನ್ನು ಎಲ್ಲಾದರೂ ಬಿಟ್ಟುಹೋದರೆ ಮೂರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಆ ಷರತ್ತು ಪಾಲನೆಯಾಗದಿದ್ದರೆ, ವರ್ಗಾವಣೆಯನ್ನು 23ನೇ ಕಲಮಿನ ಪ್ರಕಾರ ರದ್ದುಪಡಿಸಬಹುದು. ಷರತ್ತು ಇದ್ದುದು ಸ್ಪಷ್ಟವಾಗಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಈ ಕಾಯ್ದೆಯನ್ನು ಹಿರಿಯರಿಗೆ ನೆರವಾಗುವಂತೆ ಉದಾರವಾಗಿ ಅರ್ಥೈಸಬೇಕೆಂದಿತು. ಆದ್ದರಿಂದ ದಾನಪತ್ರ ಬರೆಯುವವರು ಆ ಒಂದು ಸಾಲನ್ನು ಮರೆಯದೆ ಬರೆಯಿಸಿರಿ. ಅಂಗವಿಕಲರಾದ ವ್ಯಕ್ತಿಗಳ ಮೇಲೆ ದೌರ್ಜನ್ಯ ನಡೆಯುತ್ತಿದೆಯೆಂದು ತೋರಿದರೆ ಯಾರು ಬೇಕಾದರೂ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ತಿಳಿಸಲು 2016ರ ಕಾಯ್ದೆ ಅವಕಾಶ ಕೊಟ್ಟಿದೆ. ಹಿರಿಯರ ಸಹಾಯವಾಣಿ 14567.

ಕಾನೂನು ಇದ್ದೂ ಏನಾಗಿದೆ ಎಂಬುದನ್ನು 2025ರ ಮಾರ್ಚ್ ತಿಂಗಳಲ್ಲಿ ಕೇಳಿದೆವು. ಬೆಳಗಾವಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯೊಂದರಲ್ಲೇ ಹೆತ್ತವರನ್ನು ಆಸ್ಪತ್ರೆಗೆ ಸೇರಿಸಿ ಬಿಟ್ಟುಹೋದ 150ಕ್ಕೂ ಹೆಚ್ಚು ಪ್ರಕರಣಗಳಿವೆಯೆಂದು ವರದಿಯಾಯಿತು. ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಅಂಥ ಮಕ್ಕಳಿಗಾದ ಆಸ್ತಿ ವರ್ಗಾವಣೆಯನ್ನು ರದ್ದುಪಡಿಸಲು ಕ್ರಮ ಕೈಗೊಳ್ಳುವಂತೆ ಅಧಿಕಾರಿಗಳಿಗೆ ಸೂಚಿಸಿದರು. ಆದರೆ ಆಸ್ಪತ್ರೆಯ ಮಂಚದಲ್ಲಿ ಬಿಟ್ಟುಹೋಗುವುದು ಕಥೆಯ ಕೊನೆಯ ಪುಟ. ಅದಕ್ಕೆ ಮೊದಲಿನ ಪುಟಗಳು ಯಾವುದೋ ಹಳ್ಳಿಯ ಮನೆಯಲ್ಲಿ, ನೆರೆಯವರ ಕಣ್ಣೆದುರಿಗೇ ನಡೆದಿರುತ್ತವೆ.

'ಕೇಳಿದರೆ ಅನುಮಾನಪಟ್ಟಂತಾಗುವುದಿಲ್ಲವೇ?' ಎಂದು ನೀವು ಕೇಳಬಹುದು. ಸಂಘದ ಲೆಕ್ಕಕ್ಕೆ ಪರಿಶೋಧಕರನ್ನು ನೇಮಿಸುತ್ತೇವೆ; ಕೋಶಾಧಿಕಾರಿ ಕಳ್ಳನೆಂಬ ಕಾರಣಕ್ಕಲ್ಲ. ಲೆಕ್ಕ ಸರಿಯಿರುವ ಕೋಶಾಧಿಕಾರಿಗೆ ಅದೇ ರಕ್ಷೆ. ಹಗಲಿರುಳು ಅತ್ತೆಯನ್ನು ನೋಡಿಕೊಳ್ಳುವ ಸೊಸೆಗೂ ಹಾಗೆಯೇ. ಬಂದವರು ಅವಳ ಕೆಲಸವನ್ನು ಕಾಣುತ್ತಾರೆ; 'ಒಂದು ಮಧ್ಯಾಹ್ನ ನಾನು ಕೂತಿರುತ್ತೇನೆ, ನೀನು ಸಂತೆಗೆ ಹೋಗಿ ಬಾ' ಎನ್ನುತ್ತಾರೆ. ಆರೈಕೆ ಮಾಡುವವರ ದಣಿವನ್ನು ಕೇಳದೆ, ಆರೈಕೆಯ ಕುಂದನ್ನು ಮಾತ್ರ ಎಣಿಸುವುದು ನ್ಯಾಯವಲ್ಲ.

ಹಾಗಾದರೆ ನಾವು ಮಾಡಬಹುದಾದದ್ದೇನು? ಹಾಸಿಗೆ ಹಿಡಿದವರ ಮನೆಗೆ ಹೋದಾಗ ಮೊದಲ ನಮಸ್ಕಾರ ಹಾಸಿಗೆಯಲ್ಲಿರುವವರಿಗೆ ಸಲ್ಲಲಿ. ಅವರ ಬಗ್ಗೆ ಬೇರೆಯವರನ್ನು ಕೇಳುವ ಮೊದಲು ಅವರನ್ನೇ ಕೇಳೋಣ. ಸಾಧ್ಯವಾದರೆ ಐದು ನಿಮಿಷ ಅವರೊಬ್ಬರೊಡನೆ ಕೂತು ಕೇಳೋಣ. ನೀರು ಕೈಗೆಟುಕುತ್ತದೆಯೇ, ಕಿಟಕಿ ತೆರೆದಿದೆಯೇ, ಪಾಸ್‌ಬುಕ್ ಅವರಿಗೆ ಗೊತ್ತಿರುವ ಜಾಗದಲ್ಲಿದೆಯೇ ಎಂದು ನೋಡೋಣ. ಸಂದೇಹ ಬಂದರೆ ಊರೆಲ್ಲ ಹೇಳದೆ, ಹೇಳಬೇಕಾದವರಿಗೆ ಹೇಳೋಣ. ಧರ್ಮಕೇಂದ್ರದಲ್ಲಿ ಇಂಥ ಮನೆಗಳ ಪಟ್ಟಿಯೊಂದು ಇರಲಿ. ಹದಿನೈದು ದಿನಕ್ಕೊಮ್ಮೆ ಇಬ್ಬಿಬ್ಬರು ಹೋಗಿ ಬರಲಿ. ಅವರಿಗೇನು ಬೇಕೆಂದು ನಾವೇ ತೀರ್ಮಾನಿಸುವುದೂ ಬೇಡ, ಅವರು ಮಕ್ಕಳಲ್ಲ. ಬೇಡವೆನ್ನುವ ಹಕ್ಕು ಅವರಿಗಿದೆ.

ಇವೆಲ್ಲ ದೊಡ್ಡ ಕೆಲಸಗಳಲ್ಲ. ಹಾಲಿನ ಪಾತ್ರೆಯನ್ನು ಹೊಸಿಲಲ್ಲಿಟ್ಟು ಹಿಂದಿರುಗುವುದಕ್ಕೂ, ಒಳಗೆ ಹೋಗಿ 'ಊಟ ಆಯಿತೇ?' ಎಂದು ಕೇಳುವುದಕ್ಕೂ ಇರುವ ಅಂತರ ನಾಲ್ಕು ಹೆಜ್ಜೆ ಮಾತ್ರ. ಮುಂದಿನ ಭಾನುವಾರ ಪೂಜೆ ಮುಗಿಸಿ ಮನೆಗೆ ಮರಳುವ ದಾರಿಯಲ್ಲಿ, ಬಹಳ ದಿನಗಳಿಂದ ದೇವಾಲಯದಲ್ಲಿ ಕಾಣದ ಮುಖ ಯಾವುದೆಂದು ನೆನಪಿಸಿಕೊಳ್ಳಿ. ಆ ಮನೆಯ ಬಾಗಿಲು ನಿಮ್ಮ ದಾರಿಯಲ್ಲೇ ಇರಬಹುದು.